ನಿಂತ ಚಿತ್ರವನ್ನು ನಂಬಬಹುದೇ?

1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಒಂದು ಕಾಫಿ ಪಾತ್ರೆಯ ಮುಂದೆ ಕ್ಯಾಮೆರಾ ಇಡಲಾಯಿತು. ದೂರದ ಕೊಠಡಿಗಳಲ್ಲಿ ಕೆಲಸ ಮಾಡುತ್ತಿದ್ದವರು ಅಲ್ಲಿಯವರೆಗೆ ನಡೆದು ಬಂದು ಖಾಲಿ ಪಾತ್ರೆ ಕಂಡು ಹಿಂದಿರುಗುವುದನ್ನು ತಪ್ಪಿಸುವುದು ಅದರ ಉದ್ದೇಶ. ಚಿತ್ರ ನಿಮಿಷಕ್ಕೆ ಸುಮಾರು ಮೂರು ಬಾರಿ ಮಾತ್ರ ಬದಲಾಗುತ್ತಿತ್ತು. ಅಷ್ಟೇ ಸಾಕಾಗಿತ್ತು. ಏಕೆಂದರೆ ಪಾತ್ರೆ ತುಂಬುವುದೂ ನಿಧಾನವೇ. ನೋಡಬೇಕಾದ ಘಟನೆ ಎಷ್ಟು ಬೇಗ ನಡೆಯುತ್ತದೆಯೋ ಅದಕ್ಕೆ ತಕ್ಕಂತೆ ಚಿತ್ರವೂ ಬದಲಾಗಬೇಕು. ಈ ಸರಳ ನಿಯಮವನ್ನು ಕೈಯಲ್ಲಿಟ್ಟುಕೊಂಡು ಇಂದಿನ ಒಂದು ತಂತ್ರಾಂಶವನ್ನು ಪರಿಶೀಲಿಸೋಣ.

2025ರ ಜುಲೈನಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳ ಪ್ರವೇಶದ್ವಾರ, ಮೊಗಸಾಲೆ, ತರಗತಿ, ಪ್ರಯೋಗಾಲಯ ಮುಂತಾದೆಡೆ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು ಕನಿಷ್ಠ 15 ದಿನ ಉಳಿಸಿಡಬೇಕು ಎಂದು ನಿಯಮ ಮಾಡಿತು. ಉಳಿಸಿಟ್ಟ ದೃಶ್ಯದಿಂದ ಘಟನೆ ನಡೆದ ಮೇಲೆ ಅದನ್ನು ತಿಳಿಯಬಹುದು. ನಡೆಯುತ್ತಿರುವಾಗಲೇ ತಿಳಿಯಬೇಕಾದರೆ ಕಾವಲುಗಾರನ ಅಥವಾ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಸದಾ ಉರಿಯುವ ಒಂದು ಪರದೆ ಬೇಕು. ಇದಕ್ಕೆ ಹಲವರು ಹಿಡಿಯುವ ದಾರಿ ಹೀಗಿದೆ. ಒಂದು ಹಳೆಯ ಕಂಪ್ಯೂಟರ್ ಅಥವಾ ರಾಸ್‌ಬೆರಿ ಪೈ ತೆಗೆದುಕೊಂಡು, ಅದರಲ್ಲಿ ಕ್ರೋಮಿಯಂ ಬ್ರೌಸರನ್ನು ‘ಕಿಯೋಸ್ಕ್’ ವಿಧಾನದಲ್ಲಿ ತೆರೆಯುತ್ತಾರೆ. ಆಗ ವಿಳಾಸಪಟ್ಟಿ, ಗುಂಡಿಗಳು ಯಾವುವೂ ಇರುವುದಿಲ್ಲ. ಇಡೀ ಪರದೆಯನ್ನು ಒಂದೇ ಪುಟ ತುಂಬುತ್ತದೆ. ನಮ್ಮ ರೈಲು ನಿಲ್ದಾಣಗಳ ಮಾಹಿತಿ ಪರದೆಯಂತೆ ಅದು ಒಂದೇ ಕೆಲಸಕ್ಕೆ ಮೀಸಲಾಗುತ್ತದೆ.

ಕ್ಯಾಮೆರಾಗಳು ಸಾಮಾನ್ಯವಾಗಿ ಆರ್‌ಟಿಎಸ್‌ಪಿ ಎಂಬ ವಿಧಾನದಲ್ಲಿ ದೃಶ್ಯ ಕಳಿಸುತ್ತವೆ. ಬ್ರೌಸರುಗಳು ಅದನ್ನು ನೇರವಾಗಿ ತೋರಿಸಲಾರವು. ಆದ್ದರಿಂದ ನಡುವೆ ಒಂದು ಸರ್ವರ್ ಇದ್ದು, ದೃಶ್ಯವನ್ನು ಬ್ರೌಸರಿಗೆ ಅರ್ಥವಾಗುವ ರೂಪದಲ್ಲಿ ಕೊಡಬೇಕು. ಈ ಕೆಲಸಕ್ಕೆ ಈಚೆಗೆ ಬಹಳ ಬಳಕೆಯಾಗುತ್ತಿರುವ ಮುಕ್ತ ತಂತ್ರಾಂಶ ಫ್ರಿಗೇಟ್. ಅದರ ಗುಣಗಳನ್ನು ಮೊದಲು ಹೇಳಬೇಕು. ಮನುಷ್ಯ, ವಾಹನ ಮುಂತಾದವುಗಳನ್ನು ಗುರುತಿಸುವ ಕೆಲಸವೆಲ್ಲ ನಮ್ಮ ಕಟ್ಟಡದೊಳಗಿನ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಮಕ್ಕಳ ಚಿತ್ರಗಳನ್ನು ಹೊರಗಿನ ಯಾವ ಕಂಪನಿಗೂ ಕಳಿಸಬೇಕಾಗಿಲ್ಲ. ಪರವಾನಗಿ ಶುಲ್ಕವಿಲ್ಲ, ಆಕರ ಸಂಕೇತವನ್ನು ಯಾರು ಬೇಕಾದರೂ ಓದಬಹುದು. ಶಾಲೆಗಳಿಗೆ ಇವೆಲ್ಲ ದೊಡ್ಡ ಅನುಕೂಲಗಳು.

ನನ್ನ ಆಕ್ಷೇಪವಿರುವುದು ಅದರ ಮುಖ್ಯ ಪುಟ ನಡೆದುಕೊಳ್ಳುವ ರೀತಿಗೆ. ಎಲ್ಲ ಕ್ಯಾಮೆರಾಗಳನ್ನೂ ಒಟ್ಟಿಗೆ ತೋರಿಸುವ ಈ ಪುಟದಲ್ಲಿ, ನಾವೇನೂ ಬದಲಿಸದಿದ್ದರೆ, ಚಲನೆ ಕಾಣದ ಕ್ಯಾಮೆರಾದ ಚಿತ್ರ ನಿಮಿಷಕ್ಕೊಮ್ಮೆ ಮಾತ್ರ ಹೊಸದಾಗುತ್ತದೆ. ಚಲನೆ ಪತ್ತೆಯಾದ ಕೂಡಲೇ ನೇರ ದೃಶ್ಯ ಆರಂಭವಾಗುತ್ತದೆ. ಏನೂ ಅಲುಗದಿರುವಾಗ ನಿಂತ ಚಿತ್ರಕ್ಕೂ ನೇರ ದೃಶ್ಯಕ್ಕೂ ವ್ಯತ್ಯಾಸವಿಲ್ಲ, ಹಾಗಿರುವಾಗ ಜಾಲದ ಮೇಲೂ ಕಂಪ್ಯೂಟರಿನ ಮೇಲೂ ಹೊರೆ ಏಕೆ ಎಂಬುದು ಇದರ ಹಿಂದಿನ ವಾದ.

ಕೇಳಲು ವಾದ ಸರಿಯೆನಿಸುತ್ತದೆ. ಮನೆಯವರು ದಿನಕ್ಕೆರಡು ಬಾರಿ ಮೊಬೈಲಿನಲ್ಲಿ ಇಣುಕಿ ನೋಡುವುದಾದರೆ ಅದು ಸರಿಯೂ ಹೌದು. ಕಾವಲುಗಾರನ ಪರದೆಗೆ ಮಾತ್ರ ಅದು ಒಪ್ಪುವುದಿಲ್ಲ. ‘ಏನೂ ಅಲುಗುತ್ತಿಲ್ಲ’ ಎಂದು ತೀರ್ಮಾನಿಸಿದ್ದು ಯಾರು ಎಂಬುದನ್ನು ಗಮನಿಸಿ. ಅದು ಕಾವಲುಗಾರನ ಕಣ್ಣಲ್ಲ, ತಂತ್ರಾಂಶ. ಅದು ಒಂದು ಚಿತ್ರವನ್ನು ಹಿಂದಿನದರೊಂದಿಗೆ ಹೋಲಿಸಿ, ವ್ಯತ್ಯಾಸ ಒಂದು ಮಿತಿಯನ್ನು ಮೀರಿದರೆ ಮಾತ್ರ ಚಲನೆ ಎನ್ನುತ್ತದೆ. ಮಿತಿಯನ್ನು ಹೆಚ್ಚಿಸಿದರೆ ಮಂದ ಬೆಳಕಿನಲ್ಲಿ ದೂರದಲ್ಲಿ ಆಡುವ ಆಕೃತಿ ತಪ್ಪಿಹೋಗಬಹುದು. ತಗ್ಗಿಸಿದರೆ ಪ್ರತಿ ಎಲೆಯ ಅಲುಗಾಟಕ್ಕೂ ಎಚ್ಚರವಾಗುತ್ತದೆ. ಮರದ ಕೊಂಬೆಯಂಥ ಜಾಗಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ನಾವೇ ಮುಚ್ಚಿಡುವ ಸೌಲಭ್ಯವೂ ಇದೆ. ಆ ಮುಚ್ಚಿದ ಭಾಗದೊಳಗೆ ಮಾತ್ರ ಏನಾದರೂ ನಡೆದರೆ ಅದು ಚಲನೆ ಎನಿಸುವುದಿಲ್ಲ. ಗಂಟೆಗೆ 5 ಕಿ.ಮೀ. ವೇಗದಲ್ಲಿ ನಡೆಯುವ ವ್ಯಕ್ತಿ ಒಂದು ನಿಮಿಷದಲ್ಲಿ ಸುಮಾರು 83 ಮೀಟರ್ ಸಾಗುತ್ತಾನೆ. ಎಷ್ಟೋ ಶಾಲೆಗಳ ಅಂಗಳವನ್ನು ದಾಟಲು ಅಷ್ಟು ಸಾಕು.

ಎರಡನೆಯ ದೋಷ ಇನ್ನೂ ಸೂಕ್ಷ್ಮವಾದದ್ದು. ನಿಂತ ಚಿತ್ರವೇ ಸಹಜ ಸ್ಥಿತಿಯಾದಾಗ, ಕೆಟ್ಟು ನಿಂತ ಚಿತ್ರವನ್ನು ಬೇರೆಯಾಗಿ ಗುರುತಿಸುವುದು ಹೇಗೆ? ಕ್ಯಾಮೆರಾದಿಂದ ದೃಶ್ಯ ಬರುವುದು ನಿಂತರೆ ಫ್ರಿಗೇಟ್ ಹಾಗೆಂದು ಹೇಳುತ್ತದೆ, ನಿಜ. ಆದರೆ ಕಿಯೋಸ್ಕಿನ ಬ್ರೌಸರೇ ಸ್ತಬ್ಧವಾದರೆ ಹೇಳುವವರು ಯಾರು? ಇದಕ್ಕೆಂದೇ ಕ್ಯಾಮೆರಾಗಳು ಚಿತ್ರದ ಮೂಲೆಯಲ್ಲಿ ದಿನಾಂಕ, ಗಂಟೆ, ನಿಮಿಷ, ಸೆಕೆಂಡುಗಳನ್ನು ಮುದ್ರಿಸುತ್ತವೆ. ಓಡುವ ಸೆಕೆಂಡು ಪರದೆಯ ನಾಡಿಮಿಡಿತವಿದ್ದಂತೆ. ವಿಪರ್ಯಾಸವೆಂದರೆ, ಈ ಅಂಕಿಗಳ ಬದಲಾವಣೆಯೂ ಚಲನೆ ಎನಿಸುವುದರಿಂದ ಅವನ್ನು ಮುಚ್ಚಿಡಬೇಕೆಂದು ಫ್ರಿಗೇಟ್ ಕೈಪಿಡಿಯೇ ಸಲಹೆ ಮಾಡುತ್ತದೆ. ಪತ್ತೆಯ ದೃಷ್ಟಿಯಿಂದ ಸಲಹೆ ಸರಿಯಾದುದೇ. ಆದರೆ ಅದನ್ನು ಪಾಲಿಸಿದಾಗ ಪರದೆಯ ಮೇಲೆ ಸೆಕೆಂಡುಗಳೂ ನಿಂತುಬಿಡುತ್ತವೆ.

ಹೊರೆಯ ಸಮಸ್ಯೆ ಸುಳ್ಳಲ್ಲ. ಆದರೆ ಅದಕ್ಕೆ ಬೇರೆ ಪರಿಹಾರವಿದೆ. 1920×1080 ಅಳತೆಯ ಚಿತ್ರದಲ್ಲಿ 20,73,600 ಬಿಂದುಗಳಿರುತ್ತವೆ. ಸೆಕೆಂಡಿಗೆ 25 ಚಿತ್ರಗಳಂತೆ ಒಂದು ಕ್ಯಾಮೆರಾಕ್ಕೆ 5 ಕೋಟಿಗೂ ಹೆಚ್ಚು, ಒಂಬತ್ತು ಕ್ಯಾಮೆರಾಗಳಿಗೆ 46 ಕೋಟಿಗೂ ಹೆಚ್ಚು ಬಿಂದುಗಳನ್ನು ಸಂಸ್ಕರಿಸಬೇಕು. ಸಣ್ಣ ಕಂಪ್ಯೂಟರಿಗೆ ಇದು ಕಷ್ಟ. ಆದರೆ ಒಂಬತ್ತು ಚಿತ್ರಗಳನ್ನು ಮೂರು ಸಾಲುಗಳಲ್ಲಿ ಅದೇ ಅಳತೆಯ ಪರದೆಗೆ ಹೊಂದಿಸಿದಾಗ ಪ್ರತಿಯೊಂದಕ್ಕೂ ಸಿಗುವ ಜಾಗ 640×360, ಅಂದರೆ 2,30,400 ಬಿಂದುಗಳು. ಇದು ಸರಿಯಾಗಿ ಒಂಬತ್ತನೇ ಒಂದು ಭಾಗ. ಬಹುತೇಕ ಕ್ಯಾಮೆರಾಗಳು ಮುಖ್ಯ ದೃಶ್ಯದ ಜೊತೆಗೆ ಇಂಥದೊಂದು ಚಿಕ್ಕ ಉಪದೃಶ್ಯವನ್ನೂ ಕಳಿಸಬಲ್ಲವು. ಅದನ್ನು ಬಳಸಿದರೆ ಒಂಬತ್ತು ಕ್ಯಾಮೆರಾಗಳ ಬಿಂದುಗಳ ಲೆಕ್ಕ ಒಂದು ದೊಡ್ಡ ದೃಶ್ಯದ ಲೆಕ್ಕಕ್ಕೆ ಇಳಿಯುತ್ತದೆ. ಕಣ್ಣಿಗೆ ಕಾಣದ ವಿವರವನ್ನು ಬಿಟ್ಟು ಉಳಿತಾಯ ಮಾಡಬಹುದಾದಾಗ ಕಾಲವನ್ನೇ ಬಿಟ್ಟು ಉಳಿತಾಯ ಮಾಡುವುದೇಕೆ?

2025ರಲ್ಲಿ ಬಂದ 0.15 ಆವೃತ್ತಿಯಲ್ಲಿ, ಕ್ಯಾಮೆರಾಗಳ ಗುಂಪೊಂದನ್ನು ಮಾಡಿಕೊಂಡು ಅದಕ್ಕೆ ‘ನಿರಂತರ ದೃಶ್ಯ’ ಎಂದು ಆಯ್ಕೆ ಮಾಡುವ ಅವಕಾಶ ಕೊಡಲಾಗಿದೆ. ಇದು ಸ್ವಾಗತಾರ್ಹ. ಆದರೆ ಈ ಆಯ್ಕೆ ಸರ್ವರಿನಲ್ಲಿ ಉಳಿಯುವುದಿಲ್ಲ, ಆಯಾ ಸಾಧನದ ಬ್ರೌಸರಿನ ಸಂಗ್ರಹದಲ್ಲಿ ಉಳಿಯುತ್ತದೆ. ಕಿಯೋಸ್ಕ್ ಸಿದ್ಧಪಡಿಸುವವರು ಪ್ರತಿ ಬಾರಿಯೂ ಹೊಸದಾಗಿ ಆರಂಭವಾಗಲಿ ಎಂದು ಬ್ರೌಸರನ್ನು ‘ಇನ್‌ಕಾಗ್ನಿಟೊ’ ಸ್ಥಿತಿಯಲ್ಲಿ ತೆರೆಯುವುದುಂಟು. ಆ ಸ್ಥಿತಿಯಲ್ಲಿ ಬ್ರೌಸರ್ ಮುಚ್ಚಿದೊಡನೆ ಸಂಗ್ರಹ ಅಳಿಸಿಹೋಗುತ್ತದೆ. ವಿದ್ಯುತ್ ಹೋಗಿ ಬಂದರೆ ಸಾಕು, ಯಾರಿಗೂ ತಿಳಿಯದಂತೆ ಪರದೆ ನಿಮಿಷಕ್ಕೊಮ್ಮೆಯ ಚಿತ್ರಕ್ಕೆ ಮರಳುತ್ತದೆ. ಭದ್ರತೆಗೆ ಸಂಬಂಧಿಸಿದ ಆಯ್ಕೆಯೊಂದು ಇಷ್ಟು ಸಡಿಲವಾದ ಜಾಗದಲ್ಲಿರುವುದು ವಿನ್ಯಾಸದ ದೋಷವೆಂದೇ ನನ್ನ ಅಭಿಪ್ರಾಯ.

ನಮ್ಮ ಕಡೆಯ ಒಂದು ತಪ್ಪನ್ನೂ ಹೇಳಬೇಕು. ಫ್ರಿಗೇಟಿನ ಪುಟವನ್ನು ಎರಡು ಪೋರ್ಟುಗಳ ಮೂಲಕ ತೆರೆಯಬಹುದು. 8971ರಲ್ಲಿ ಗುಪ್ತಪದ ಕೇಳುತ್ತದೆ, 5000ದಲ್ಲಿ ಕೇಳುವುದಿಲ್ಲ. ಕಿಯೋಸ್ಕಿನಲ್ಲಿ ಗುಪ್ತಪದ ತುಂಬುವ ತೊಂದರೆ ಬೇಡವೆಂದು 5000ವನ್ನು ಶಾಲೆಯ ಇಡೀ ಜಾಲಕ್ಕೆ ತೆರೆದಿಟ್ಟರೆ, ಅದೇ ಜಾಲದಲ್ಲಿರುವ ಯಾರು ಬೇಕಾದರೂ ವ್ಯವಸ್ಥೆಯನ್ನೇ ಬದಲಿಸಬಹುದು. 2025ರ 0.16 ಆವೃತ್ತಿಯಿಂದ ‘ವೀಕ್ಷಕ’ ಎಂಬ ಸೀಮಿತ ಅಧಿಕಾರದ ಖಾತೆ ಲಭ್ಯವಿದೆ. ಕಿಯೋಸ್ಕಿಗೆ ಕೊಡಬೇಕಾದ್ದು ಅದನ್ನೇ.

ಯಾವ ತಂತ್ರಾಂಶವಾದರೂ ಪರದೆಯನ್ನು ಕಾವಲುಗಾರನಿಗೆ ಒಪ್ಪಿಸುವ ಮೊದಲು ಕೆಲವು ಪರೀಕ್ಷೆಗಳನ್ನು ಮಾಡಬೇಕು. ವಿದ್ಯಾರ್ಥಿಗಳೇ ಇವನ್ನು ಮಾಡಬಹುದು.

1. ಸೆಕೆಂಡು ಮುಳ್ಳಿರುವ ಗಡಿಯಾರವನ್ನು ಕ್ಯಾಮೆರಾದ ಮುಂದೆ ಹಿಡಿಯಿರಿ. ಗಡಿಯಾರ ಹಾಗೂ ಪರದೆ ಎರಡೂ ಬರುವಂತೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಎರಡರ ವ್ಯತ್ಯಾಸವೇ ವಿಳಂಬ. ಗಡಿಯಾರವನ್ನು ದೂರ ಸರಿಸುತ್ತ ಹೋಗಿ, ಎಲ್ಲಿ ಮುಳ್ಳು ನಿಂತಂತೆ ಕಾಣುತ್ತದೆ ಎಂದು ಗುರುತಿಸಿ.

2. ಕ್ಯಾಮೆರಾದ ಕೇಬಲ್ ಕಿತ್ತು, ಪರದೆ ಅದನ್ನು ತಿಳಿಸಲು ಎಷ್ಟು ಸೆಕೆಂಡು ಬೇಕಾಯಿತೆಂದು ಅಳೆಯಿರಿ. ಬಳಿಕ ಅದನ್ನು ಜೋಡಿಸಿ, ಕಿಯೋಸ್ಕಿನ ಕೇಬಲ್ ಕಿತ್ತು ಅದೇ ಅಳತೆ ಮಾಡಿ.

3. ಕಿಯೋಸ್ಕಿನ ವಿದ್ಯುತ್ ತೆಗೆದು ಮತ್ತೆ ಕೊಡಿ. ಯಾರೂ ಮುಟ್ಟದೆ ಮೊದಲಿನ ಸ್ಥಿತಿಗೆ ಬಂದಿತೇ ನೋಡಿ.

ಪ್ರತಿ ಪರೀಕ್ಷೆಯನ್ನೂ ಐದು ಬಾರಿ ಮಾಡಿ ಬರೆದಿಡಿ. ಇಲ್ಲಿ ಸರಾಸರಿಗಿಂತ ಅತಿ ಕೆಟ್ಟ ಫಲಿತಾಂಶವೇ ಮುಖ್ಯ. ಕಪ್ಪಾದ ಪರದೆಯನ್ನು ಕಂಡ ಕಾವಲುಗಾರ ಎದ್ದು ಹೋಗಿ ಬಾಗಿಲು ನೋಡಿಬರುತ್ತಾನೆ. ಒಂದು ನಿಮಿಷ ಹಿಂದಿನ ಖಾಲಿ ಅಂಗಳವನ್ನು ಕಂಡವನು ಕುಳಿತಲ್ಲಿಯೇ ಕುಳಿತಿರುತ್ತಾನೆ.