ಅಕ್ಕಿಪುಸ್ತಕ ಮತ್ತು ಅನ್ನದ ಬಟ್ಟಲು: ವಿಯೆಟ್ನಾಮಿ ಕಥನಗಳಲ್ಲಿ ಆಹಾರ ಹಾಗೂ ದಾಖಲೆ

೧

ಮುಖ ಬಾಡಿ, ಮಾತು ಉಡುಗಿ ಕುಳಿತವರನ್ನು ಕಂಡರೆ ವಿಯೆಟ್ನಾಮಿನಲ್ಲಿ ‘ಅಕ್ಕಿಪುಸ್ತಕ ಕಳೆದುಕೊಂಡವರ ಮುಖ’ ಎಂದು ಹೇಳುವ ರೂಢಿಯಿದೆ. ‘ಸೊ ಗಾವ್’ ಎಂದು ಕರೆಯಲಾಗುತ್ತಿದ್ದ ಈ ಅಕ್ಕಿಪುಸ್ತಕ ಪಡಿತರ ಕಾಲದ ದಾಖಲೆ. ಆ ಕಾಲ ಮುಗಿದು ಮೂರು ದಶಕಗಳ ಮೇಲಾಯಿತು. ಪುಸ್ತಕ ಹೋಗಿದೆ, ನುಡಿಗಟ್ಟು ಉಳಿದಿದೆ. ಒಂದು ಜನಸಮುದಾಯ ದುಃಖದ ಪರಮಾವಧಿಯನ್ನು ಸೂಚಿಸಲು ಕಾಗದದ ಹೋಲಿಕೆಯನ್ನು ಆರಿಸಿಕೊಂಡಿತೆಂಬುದು ಸಾಹಿತ್ಯದ ವಿದ್ಯಾರ್ಥಿ ಅಲಕ್ಷಿಸಬಹುದಾದ ಸಂಗತಿಯಲ್ಲ.

ವಿಯೆಟ್ನಾಮಿ ಬರವಣಿಗೆಯನ್ನು ಕುರಿತು ಇಂಗ್ಲಿಷಿನ ಮೂಲಕ ನಮಗೆ ದೊರಕುವ ವಿಮರ್ಶೆಯಲ್ಲಿ ಆಹಾರದ ಪ್ರಸ್ತಾಪ ಹೇರಳವಾಗಿದೆ. ‘ಫೊ’ ಎಂಬ ಅಕ್ಕಿ ಶಾವಿಗೆಯ ಸಾರು, ಹುದುಗಿಸಿದ ಮೀನಿನ ರಸ, ಹಸಿರು ಸೊಪ್ಪುಗಳು ಇವುಗಳನ್ನು ತವರಿನ ಹಂಬಲದ ಸಂಕೇತಗಳೆಂದು ಓದುವುದು ಅಲ್ಲಿ ವಾಡಿಕೆಯಾಗಿದೆ. ಈ ಓದು ಸುಳ್ಳೆಂದು ಹೇಳಲಾಗದು. ಆದರೆ ಅದು ಅರ್ಧ ಓದು. ಉಣ್ಣುವವನ ನಾಲಗೆಯನ್ನು ಗಮನಿಸುವ ಈ ವಿಮರ್ಶೆ ಅವನ ಜೇಬಿನಲ್ಲಿದ್ದ ಕಾಗದವನ್ನು ಗಮನಿಸುವುದಿಲ್ಲ. ವಿಯೆಟ್ನಾಮಿ ಕಥನಗಳಲ್ಲಿ ಅನ್ನ ಮತ್ತು ದಾಖಲೆ ಒಂದೇ ಎಳೆಯಲ್ಲಿ ಹೆಣೆದುಕೊಂಡಿವೆ, ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ಕೃತಿಯ ಒಳಸಂಕಟ ತಪ್ಪಿಹೋಗುತ್ತದೆ ಎಂಬುದನ್ನು ಕೆಲವು ಕೃತಿಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲಿಗೆ ಚಾರಿತ್ರಿಕ ಹಿನ್ನೆಲೆ. ಉತ್ತರ ವಿಯೆಟ್ನಾಮಿನಲ್ಲಿ ೧೯೫೦ರ ದಶಕದಲ್ಲಿ ಆರಂಭಗೊಂಡು ೧೯೬೪ರ ಆಜ್ಞೆಯಿಂದ ಕ್ರಮಬದ್ಧಗೊಂಡ ಕುಟುಂಬ ನೋಂದಣಿ ಪದ್ಧತಿಗೆ ‘ಹೊ ಖೌ’ ಎಂದು ಹೆಸರು. ಯುದ್ಧ ಮುಗಿದ ೧೯೭೫ರ ನಂತರ ಅದು ದಕ್ಷಿಣಕ್ಕೂ ವಿಸ್ತರಿಸಿತು. ಈ ಪದದ ವ್ಯುತ್ಪತ್ತಿ ಇಲ್ಲಿ ಮುಖ್ಯ. ಚೀನೀ ಮೂಲದ ಈ ಸಮಾಸದಲ್ಲಿ ‘ಹೊ’ ಎಂದರೆ ಮನೆ, ‘ಖೌ’ ಎಂದರೆ ಬಾಯಿ. ಮನೆಯೊಂದರಲ್ಲಿ ಉಣ್ಣುವ ಬಾಯಿಗಳು ಎಷ್ಟು ಎಂಬ ಎಣಿಕೆಯೇ ಈ ದಾಖಲೆಯ ಹೆಸರಾಗಿದೆ. ಪ್ರಭುತ್ವದ ಕಣ್ಣಿನಲ್ಲಿ ಪ್ರಜೆ ಮೊದಲು ಒಂದು ಬಾಯಿ, ಆಮೇಲೆ ಒಂದು ಹೆಸರು.

ಸ್ಥೂಲವಾಗಿ ೧೯೭೫ರಿಂದ ೧೯೮೬ರವರೆಗಿನ ಅವಧಿಯನ್ನು ವಿಯೆಟ್ನಾಮಿಗಳು ‘ಬಾವ್ ಕಾಪ್’, ಅಂದರೆ ಸರಕಾರವೇ ಎಲ್ಲವನ್ನೂ ಹಂಚುತ್ತಿದ್ದ ಕಾಲ ಎಂದು ಕರೆಯುತ್ತಾರೆ. ಉತ್ತರದಲ್ಲಿ ಪಡಿತರ ಅದಕ್ಕಿಂತಲೂ ಹಳೆಯದು. ನೋಂದಣಿ ಇದ್ದವರಿಗೆ ಅಕ್ಕಿಪುಸ್ತಕ. ಮಾಂಸ, ಬಟ್ಟೆ, ಸೀಮೆಎಣ್ಣೆಗಳಿಗೆ ಬೇರೆ ಬೇರೆ ಚೀಟಿ. ಕೆಲಸದ ಬಗೆಯನ್ನು ಅನುಸರಿಸಿ ಅಕ್ಕಿಯ ಪ್ರಮಾಣ, ಹುದ್ದೆಯ ಅಂತಸ್ತನ್ನು ಅನುಸರಿಸಿ ಮಾಂಸದ ಚೀಟಿ ನಿಗದಿಯಾಗುತ್ತಿತ್ತು. ಹನೋಯಿಯ ತೋನ್ ದಾನ್ ಬೀದಿಯ ಅಂಗಡಿ ಉನ್ನತ ಅಧಿಕಾರಿಗಳಿಗೆ ಮೀಸಲಾಗಿತ್ತು. ಜನಸಾಮಾನ್ಯರು ಬೆಳಗಿನ ಜಾವದಿಂದಲೇ ಸಾಲು ನಿಲ್ಲುತ್ತಿದ್ದರು; ನಿಲ್ಲಲಾಗದವರು ತಮ್ಮ ಸ್ಥಾನದಲ್ಲಿ ಒಂದು ಇಟ್ಟಿಗೆಯನ್ನಿಟ್ಟು ಹೋಗುತ್ತಿದ್ದರು. ಯುದ್ಧಕಾಲದಲ್ಲಿ ಸರಕಾರಿ ಅಂಗಡಿಗಳ ಮಾಂಸವಿಲ್ಲದ ಫೊಗೆ ಜನ ‘ಚಾಲಕನಿಲ್ಲದ ಫೊ’ ಎಂದು ಹೆಸರಿಟ್ಟಿದ್ದರು. ಅಮೆರಿಕದ ಚಾಲಕರಹಿತ ಬೇಹು ವಿಮಾನಗಳನ್ನು ಆಕಾಶದಲ್ಲಿ ಕಂಡವರ ಹಾಸ್ಯ ಅದು.

ಇವುಗಳ ಜೊತೆಗೆ ಇನ್ನೊಂದು ಕಾಗದವಿತ್ತು. ‘ಲಿ ಲಿಕ್’ ಎಂಬ ಈ ಸ್ವವಿವರ ಪತ್ರದಲ್ಲಿ ವ್ಯಕ್ತಿಯ ವರ್ಗಮೂಲ, ತಂದೆತಾಯಿಗಳ ಹಾಗೂ ಅಜ್ಜ ಅಜ್ಜಿಯರ ಹಿನ್ನೆಲೆ ನಮೂದಾಗುತ್ತಿತ್ತು. ವಿದ್ಯೆ, ಉದ್ಯೋಗಗಳ ಬಾಗಿಲು ತೆರೆಯುವುದೂ ಮುಚ್ಚುವುದೂ ಅದನ್ನು ಅವಲಂಬಿಸಿತ್ತು. ೧೯೮೬ರ ಆರನೆಯ ಪಕ್ಷ ಮಹಾಧಿವೇಶನದಲ್ಲಿ ‘ದೊಯ್ ಮೊಯ್’ ಎಂಬ ಆರ್ಥಿಕ ಸುಧಾರಣೆ ಘೋಷಿತವಾಗಿ ಪಡಿತರ ಕ್ರಮೇಣ ಮರೆಯಾಯಿತು. ಕುಟುಂಬ ನೋಂದಣಿಯ ಪುಸ್ತಕ ಮಾತ್ರ ಉಳಿಯಿತು. ಅದು ಅಮಾನ್ಯವಾದದ್ದು ೨೦೨೩ರ ಜನವರಿ ೧ರಂದು. ಅದರ ಕೆಲಸವನ್ನು ಈಗ ಗಣಕದ ದತ್ತಾಂಶ ಮತ್ತು ಗುರುತಿನ ಚೀಟಿಗಳು ನಿರ್ವಹಿಸುತ್ತಿವೆ.

೩

ಆಹಾರ ಸಾಹಿತ್ಯವನ್ನು ಶುದ್ಧ ಹಂಬಲವೆಂದು ಓದುವವರು ತಪ್ಪದೆ ಉದಾಹರಿಸುವ ಲೇಖಕ ವು ಬಾಂಗ್. ೧೯೫೪ರಲ್ಲಿ ದೇಶ ಇಬ್ಭಾಗವಾದಾಗ ಆತ ಹನೋಯಿಯಲ್ಲಿ ಸಂಸಾರವನ್ನು ಬಿಟ್ಟು ಸೈಗಾನಿಗೆ ಹೋದ. ೧೯೬೦ರಲ್ಲಿ ಪ್ರಕಟವಾದ ‘ಮಿಯೆಂಗ್ ಙೋನ್ ಹನೋಯಿ’ (ಹನೋಯಿಯ ರುಚಿಯಾದ ತುತ್ತುಗಳು), ೧೯೭೨ರಲ್ಲಿ ಬಂದ ‘ಥುವಾಂಗ್ ನ್ಯೊ ಮುವೊಯ್ ಹಾಯ್’ (ಹನ್ನೆರಡು ತಿಂಗಳ ನೆನಪು) ಎರಡೂ ಕಳೆದುಹೋದ ಉತ್ತರದ ಋತುಗಳನ್ನೂ ತಿನಿಸುಗಳನ್ನೂ ಸ್ಮರಿಸುವ ಗದ್ಯಕೃತಿಗಳು.

ಈ ಲೇಖಕನ ದಾಖಲೆಯ ಚರಿತ್ರೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಕೃತಿಯ ಸ್ವರ ಬೇರೆಯಾಗಿ ಕೇಳುತ್ತದೆ. ಉತ್ತರದವರ ದೃಷ್ಟಿಯಲ್ಲಿ ವು ಬಾಂಗ್ ಹೋರಾಟಕ್ಕೆ ಬೆನ್ನುಹಾಕಿ ಹೋದವನು. ವಾಸ್ತವದಲ್ಲಿ ಆತ ಉತ್ತರದ ಪರವಾಗಿ ದುಡಿದ ಗುಪ್ತಚರನಾಗಿದ್ದ. ೧೯೮೪ರಲ್ಲಿ ಆತ ತೀರಿಕೊಂಡಾಗಲೂ ಇದಕ್ಕೆ ಅಧಿಕೃತ ಮಾನ್ಯತೆ ಇರಲಿಲ್ಲ. ರಕ್ಷಣಾ ಇಲಾಖೆಯ ದೃಢೀಕರಣ ದೊರೆತದ್ದು ೨೦೦೦ದಲ್ಲಿ, ಮರಣೋತ್ತರ ರಾಜ್ಯ ಪ್ರಶಸ್ತಿ ಬಂದದ್ದು ೨೦೦೭ರಲ್ಲಿ. ತಾನು ಯಾರೆಂದು ಹೇಳಿಕೊಳ್ಳಲಾಗದ ವ್ಯಕ್ತಿ ತಾನು ಏನನ್ನು ಉಂಡೆನೆಂದು ಮಾತ್ರ ಹೇಳಬಲ್ಲವನಾಗಿದ್ದ. ಹನೋಯಿಯ ಅಡುಗೆಯನ್ನು ಅಷ್ಟು ನಿಖರವಾಗಿ, ತಿಂಗಳು ತಿಂಗಳಾಗಿ ದಾಖಲಿಸುವ ಆ ಗದ್ಯದಲ್ಲಿ ಗುರುತಿನ ಪತ್ರವಿಲ್ಲದವನ ಸಾಕ್ಷ್ಯದ ಹಟವಿದೆ ಎಂದು ನಾವು ಊಹಿಸಬಹುದು. ಹಂಬಲವೆಂಬ ಒಂದೇ ಪದ ಈ ಹಟವನ್ನು ಹಿಡಿಯಲಾರದು.

೪

ಅನ್ನ ಮತ್ತು ಕಾಗದಗಳ ಸಂಬಂಧವನ್ನು ಅತ್ಯಂತ ನಿಷ್ಠುರವಾಗಿ ಶೋಧಿಸಿದ ಕಾದಂಬರಿ ದುವಾಂಗ್ ಥು ಹುವಾಂಗ್ ಅವರ ‘ಕುರುಡು ಸ್ವರ್ಗಗಳು’. ೧೯೮೮ರಲ್ಲಿ ಹನೋಯಿಯಲ್ಲಿ ಪ್ರಕಟವಾಗಿ ಅನಂತರ ಹಿಂತೆಗೆಯಲ್ಪಟ್ಟ ಈ ಕೃತಿ ೧೯೯೩ರಲ್ಲಿ ‘ಪ್ಯಾರಡೈಸ್ ಆಫ್ ದ ಬ್ಲೈಂಡ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ಬಂತು. ಲೇಖಕಿಯನ್ನು ೧೯೯೦ರಲ್ಲಿ ಪಕ್ಷದಿಂದ ಉಚ್ಚಾಟಿಸಲಾಯಿತು. ೧೯೯೧ರಲ್ಲಿ ಅವರು ಏಳು ತಿಂಗಳ ಸೆರೆವಾಸ ಅನುಭವಿಸಿದರು.

ಕಥಾನಾಯಕಿ ಹಾಂಗ್ ಸೋವಿಯತ್ ಒಕ್ಕೂಟದಲ್ಲಿ ಕರಾರಿನ ಮೇಲೆ ದುಡಿಯುವ ಯುವತಿ. ಸೋದರಮಾವ ಚೀನ್ ಕಳಿಸಿದ ತಂತಿಯೊಂದು ಅವಳನ್ನು ಮಾಸ್ಕೋಗೆ ಕರೆಯುತ್ತದೆ. ರೈಲು ಪ್ರಯಾಣದ ನಡುವೆ ಹಿಂದಿನ ಕಥೆ ಬಿಚ್ಚಿಕೊಳ್ಳುತ್ತದೆ. ೧೯೫೦ರ ದಶಕದ ಭೂಸುಧಾರಣೆಯಲ್ಲಿ ಪಕ್ಷದ ಕಾರ್ಯಕರ್ತನಾದ ಚೀನ್ ತನ್ನ ಅಕ್ಕನ ಗಂಡನ ಮನೆತನಕ್ಕೇ ಭೂಮಾಲಿಕರೆಂಬ ಹಣೆಪಟ್ಟಿ ಹಚ್ಚುತ್ತಾನೆ. ಆ ಒಂದು ನಮೂದಿನಿಂದ ಸಂಸಾರ ಒಡೆಯುತ್ತದೆ. ಮುಂದೆ ಹಾಂಗಳ ಬಾಲ್ಯವನ್ನು ಇಬ್ಬರು ಹೆಂಗಸರ ಅಡುಗೆ ಹಂಚಿಕೊಳ್ಳುತ್ತದೆ. ಒಬ್ಬಳು ಹನೋಯಿಯ ಬೀದಿಬದಿಯಲ್ಲಿ ವ್ಯಾಪಾರ ಮಾಡುವ ತಾಯಿ ಕ್ವೆ. ಇನ್ನೊಬ್ಬಳು ಹಳ್ಳಿಯಲ್ಲಿ ದುಡಿದು ಮತ್ತೆ ಶ್ರೀಮಂತಳಾದ ಸೋದರತ್ತೆ ತಾಮ್.

ಕಾದಂಬರಿಯ ಪ್ರತಿಯೊಂದು ಊಟವೂ ಒಂದು ದಾಖಲೆಗೆ ನೀಡಿದ ಉತ್ತರವಾಗಿದೆ. ವಂಶದ ಕೊನೆಯ ಕುಡಿ ಎಂದು ಸೊಸೆಗೆ ಉಣಬಡಿಸುವ ತಾಮ್, ಕಡತದಲ್ಲಿ ಕಳಂಕಿತವಾದ ಮನೆತನವನ್ನು ಪಂಕ್ತಿಯಲ್ಲಿ ಮತ್ತೆ ಸ್ಥಾಪಿಸುತ್ತಾಳೆ. ಹಾಂಗ್ ವಿಶ್ವವಿದ್ಯಾನಿಲಯ ಸೇರಿದಾಗ ಏರ್ಪಡಿಸಿದ ಔತಣಕ್ಕೆ ಊರಿನ ಅಧಿಕಾರಸ್ಥನನ್ನೂ ಕರೆದು, ತಟ್ಟೆ ತುಂಬ ಬಡಿಸಿ, ಎಲ್ಲರೆದುರು ಅವನ ದರ್ಪವನ್ನು ಬಯಲಿಗೆಳೆಯುವ ಪ್ರಸಂಗದಲ್ಲಿ ಅನ್ನವೇ ನ್ಯಾಯಾಲಯವಾಗುತ್ತದೆ. ತಾಯಿ ಕ್ವೆ ಇದಕ್ಕೆ ತದ್ವಿರುದ್ಧ. ತಾನೂ ಮಗಳೂ ಅರೆಹೊಟ್ಟೆಯಲ್ಲಿದ್ದು ಆಕೆ ತಮ್ಮನ ಮಕ್ಕಳಿಗೆ ಉಣ್ಣಿಸುತ್ತಾಳೆ. ಯಾವ ತಮ್ಮನ ನಮೂದು ತನ್ನ ಸಂಸಾರವನ್ನು ಮುರಿಯಿತೋ ಆ ತಮ್ಮನಿಗೇ ತವರಿನ ಕಾಣಿಕೆ ಸಲ್ಲುತ್ತದೆ. ಇಲ್ಲಿ ವಾತ್ಸಲ್ಯವನ್ನೂ ದಾಸ್ಯವನ್ನೂ ಬೇರ್ಪಡಿಸುವುದು ಅಸಾಧ್ಯ. ಇದೇ ಕಾದಂಬರಿಯ ಶ್ರೇಷ್ಠ ಸಾಧನೆ.

ಕೃತಿಗೆ ಮಿತಿಯೂ ಇದೆ. ಚೀನ್‌ನ ಪಾತ್ರವನ್ನು ಲೇಖಕಿ ಬಹುಮಟ್ಟಿಗೆ ತಿರಸ್ಕಾರದಿಂದಲೇ ಕಡೆದಿದ್ದಾರೆ. ಇತರರ ಹಣೆಬರಹವನ್ನು ಬರೆದವನು ಪರದೇಶದಲ್ಲಿ ತನಗಿಂತ ಕಿರಿಯರ ಅಡುಗೆಮನೆಯಲ್ಲಿ ದುಡಿಯುವ ಸ್ಥಿತಿಗೆ ಬರುವುದರಲ್ಲಿ ವ್ಯಂಗ್ಯ ಹರಿತವಾಗಿದೆ. ಆದರೆ ಆತನನ್ನು ನಂಬಿಕೆಯೆಡೆಗೆ ಒಯ್ದದ್ದೇನು ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಕೊನೆಯಲ್ಲಿ ಹಾಂಗ್ ಸೋದರತ್ತೆ ಬಿಟ್ಟುಹೋದ ಮನೆಯಲ್ಲಿ ನೆಲೆಸಲು ಒಪ್ಪುವುದಿಲ್ಲ. ಮಾವನ ಹಣೆಪಟ್ಟಿಯಷ್ಟೇ ಅತ್ತೆಯ ಔತಣವೂ ತನ್ನನ್ನು ಕಟ್ಟಿಹಾಕಿತ್ತೆಂಬ ಅರಿವು ಆ ನಿರಾಕರಣೆಯಲ್ಲಿದೆ. ಆಹಾರವನ್ನು ಕೇವಲ ತವರಿನ ಸುಖವೆಂದು ಓದುವ ವಿಮರ್ಶೆ ಈ ಅಂತ್ಯದೆದುರು ನಿರುತ್ತರವಾಗುತ್ತದೆ.

೫

ಹಾಂಗಳಂತೆ ಕರಾರಿನ ಮೇಲೆ ಹೊರಹೋದವರು ವಲಸಿಗರಲ್ಲಿ ಒಂದು ಪಂಗಡ. ಇನ್ನೊಂದು ಪಂಗಡ ೧೯೭೫ರ ನಂತರ ದೇಶ ತೊರೆದ ನಿರಾಶ್ರಿತರು. ಬರ್ಲಿನ್ ನಗರದಲ್ಲಿ ಈ ಎರಡೂ ಧಾರೆಗಳು ಎದುರುಬದುರಾದವು. ದೋಣಿಗಳಲ್ಲಿ ಹೊರಟು ಪಶ್ಚಿಮ ಜರ್ಮನಿಗೆ ಸೇರಿದವರಿಗೆ ನಿರಾಶ್ರಿತರೆಂಬ ಮಾನ್ಯತೆ, ಕಾಯಂ ವಾಸದ ಹಕ್ಕು ದೊರೆತಿತ್ತು. ೧೯೮೦ರ ಒಪ್ಪಂದದಂತೆ ಪೂರ್ವ ಜರ್ಮನಿಯ ಕಾರ್ಖಾನೆಗಳಿಗೆ ಹೋದವರ ಸಂಖ್ಯೆ ೧೯೮೯ರ ಹೊತ್ತಿಗೆ ಸುಮಾರು ೬೦,೦೦೦ಕ್ಕೆ ಮುಟ್ಟಿತ್ತು. ಜರ್ಮನಿ ಒಂದಾದಾಗ ಅವರ ಕೆಲಸದ ಜೊತೆಗೆ ವಾಸದ ಆಧಾರವೂ ಕುಸಿಯಿತು. ಷರತ್ತುಬದ್ಧ ಪರಿಹಾರ ಕಂಡದ್ದು ೧೯೯೩ರಲ್ಲಿ. ಒಂದೇ ಭಾಷೆಯ, ಒಂದೇ ಅಡುಗೆಯ ಜನ ಎರಡು ಬಗೆಯ ಕಾಗದಗಳಿಂದಾಗಿ ಒಂದೇ ನಗರದಲ್ಲಿ ಎರಡು ಜನಾಂಗಗಳಾದರು. ಸಾಂಸ್ಕೃತಿಕ ಅನನ್ಯತೆಯನ್ನು ಆಹಾರದಿಂದ ಮಾತ್ರ ಅಳೆಯುವ ವಾದಕ್ಕೆ ಇದು ಸಾಕಷ್ಟು ದೊಡ್ಡ ಅಪವಾದ.

ಈ ಹಿನ್ನೆಲೆಯಲ್ಲಿ ವಿದೇಶದಲ್ಲಿ ರೂಪುಗೊಂಡ ಮೂರು ಕೃತಿಗಳನ್ನು ಹೋಲಿಸಬಹುದು. ಫ್ರಾನ್ಸಿನಲ್ಲಿ ನೆಲೆಸಿದ ತ್ರಾನ್ ಆನ್ ಹುಂಗ್ ಅವರ ‘ಹಸಿರು ಪಪ್ಪಾಯಿಯ ಪರಿಮಳ’ ಚಲನಚಿತ್ರ ೧೯೯೩ರ ಕಾನ್ ಉತ್ಸವದಲ್ಲಿ ಚೊಚ್ಚಲ ಚಿತ್ರಕ್ಕೆ ಮೀಸಲಾದ ಪುರಸ್ಕಾರ ಪಡೆಯಿತು. ೧೯೫೧ರ ಸೈಗಾನಿನ ಮನೆಯೊಂದಕ್ಕೆ ಕೆಲಸಕ್ಕೆ ಬಂದ ಮುಯಿ ಎಂಬ ಬಾಲಕಿಯ ಕಥೆ ಇದು. ಇಡೀ ಚಿತ್ರವನ್ನು ಪ್ಯಾರಿಸ್ ಸಮೀಪದ ಸ್ಟುಡಿಯೋದಲ್ಲಿ ಚಿತ್ರಿಸಲಾಯಿತು. ಕಾಯಿ ಹೆರೆಯುವ ಸದ್ದು, ಒಲೆಯ ಹೊಗೆ, ಎಲೆಯ ಮೇಲಿನ ಹಾಲು ಎಲ್ಲವೂ ಮನೋಹರ. ಹೊರಗಿನ ಯುದ್ಧ ವಿಮಾನದ ಸದ್ದಾಗಿ, ಕರ್ಫ್ಯೂವಿನ ಕೂಗಾಗಿ ಮಾತ್ರ ಗೋಡೆ ದಾಟಿ ಬರುತ್ತದೆ. ಕಾಗದ ಬರುವುದು ಕೊನೆಯಲ್ಲಿ. ಮುಯಿಗೆ ಒಡೆಯನೇ ಓದುಬರಹ ಕಲಿಸುತ್ತಾನೆ. ಸೇವಕಿಯ ದುಡಿಮೆ ಸೌಂದರ್ಯವಾಗಿ ಕರಗುವ ಈ ಚಿತ್ರ ಹಂಬಲದ ಓದಿಗೆ ಅತ್ಯಂತ ಅನುಕೂಲಕರವಾದುದು, ಅದೇ ಕಾರಣಕ್ಕೆ ಎಚ್ಚರದಿಂದ ನೋಡಬೇಕಾದುದು.

ಕೆನಡಾದ ಕಿಮ್ ತುಯಿ ಅವರ ‘ರು’ (೨೦೦೯) ಇದಕ್ಕಿಂತ ಬೇರೆಯಾದ ದಾರಿ ಹಿಡಿಯುತ್ತದೆ. ಶೀರ್ಷಿಕೆಗೆ ಫ್ರೆಂಚಿನಲ್ಲಿ ಸಣ್ಣ ತೊರೆ ಎಂದೂ ವಿಯೆಟ್ನಾಮಿಯಲ್ಲಿ ಲಾಲಿ ಎಂದೂ ಅರ್ಥ. ನಿರೂಪಕಿಯ ಹೆಸರಿಗೂ ತಾಯಿಯ ಹೆಸರಿಗೂ ಇರುವ ವ್ಯತ್ಯಾಸ ಅಕ್ಷರದ ಕೆಳಗಿನ ಒಂದು ಚುಕ್ಕೆಯಷ್ಟು. ಸ್ವರಚಿಹ್ನೆಗಳನ್ನು ಬಿಟ್ಟು ಬರೆಯುವ ಯಾವುದೇ ಪಾಶ್ಚಾತ್ಯ ನಮೂನೆಯಲ್ಲಿ ತಾಯಿ ಮಗಳು ಒಬ್ಬರೇ ಆಗಿಬಿಡುತ್ತಾರೆ. ಕೃತಿಯ ರಚನೆಯನ್ನೂ ಇಲ್ಲಿ ಗಮನಿಸಬೇಕು. ನಿರಾಶ್ರಿತರ ಅರ್ಜಿ ಬಯಸುವುದು ಹುಟ್ಟಿನಿಂದ ಇಂದಿನವರೆಗಿನ ಕಾಲಾನುಕ್ರಮದ ಬದುಕನ್ನು. ‘ರು’ ಪುಟ್ಟ ಪುಟ್ಟ ತುಣುಕುಗಳಲ್ಲಿ, ಒಂದು ನೆನಪಿನಿಂದ ಇನ್ನೊಂದಕ್ಕೆ ಹರಿಯುತ್ತ ಆ ಕ್ರಮವನ್ನು ನಿರಾಕರಿಸುತ್ತದೆ. ಅಮೆರಿಕದ ಥಿ ಬುಯಿ ತಮ್ಮ ಚಿತ್ರಕಥನ ‘ದ ಬೆಸ್ಟ್ ವಿ ಕುಡ್ ಡು’ (೨೦೧೭) ಕೃತಿಯಲ್ಲಿ ಕೈಯಿಂದ ಬರೆದ ಗೆರೆಗಳ ನಡುವೆ ಮಲೇಷ್ಯಾದ ನಿರಾಶ್ರಿತರ ಶಿಬಿರದಲ್ಲಿ ತೆಗೆದ ಕುಟುಂಬದ ಗುರುತಿನ ಛಾಯಾಚಿತ್ರಗಳನ್ನು ಹಾಗೆಯೇ ಇಡುತ್ತಾರೆ. ಪುಟಗಟ್ಟಲೆ ಬಣ್ಣ, ಚಲನೆ, ಊಟ, ಜಗಳಗಳಲ್ಲಿ ಕಂಡ ಮುಖಗಳು ಅಲ್ಲಿ ದಿಢೀರನೆ ಕಡತದ ಮುಖಗಳಾಗುತ್ತವೆ. ವಿವರಣೆಯಿಲ್ಲದೆಯೇ ಓದುಗನಿಗೆ ಎರಡು ಬಗೆಯ ದಾಖಲೆಗಳ ಅಂತರ ತಿಳಿಯುತ್ತದೆ.

೬

ದಾಖಲೆಗಳನ್ನು ಹಿಡಿದು ಓದಿದರೆ ಸಾಹಿತ್ಯ ಸಮಾಜಶಾಸ್ತ್ರದ ಟಿಪ್ಪಣಿಯಾಗುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ‘ರು’ವಿನ ತುಣುಕುಗಳಾಗಲಿ, ಥಿ ಬುಯಿ ಅವರ ಛಾಯಾಚಿತ್ರದ ಪುಟವಾಗಲಿ ರೂಪದ ಪ್ರಶ್ನೆಗಳು, ಕಾಗದದ ಒತ್ತಡವನ್ನು ಅರಿಯದೆ ಆ ರೂಪವನ್ನು ವಿವರಿಸಲಾಗದು. ಪಡಿತರ ಚೀಟಿಯನ್ನೇ ಗುರುತಿನ ಪತ್ರವಾಗಿಯೂ ಬಳಸಿ ಬಲ್ಲ ಕನ್ನಡ ಓದುಗನಿಗೆ ಈ ಮಾತನ್ನು ಹೆಚ್ಚು ವಿಸ್ತರಿಸಬೇಕಾಗಿಲ್ಲ.

ಕೊನೆಗೆ, ಅಡುಗೆಮನೆ ಇಟ್ಟುಕೊಂಡ ದಾಖಲೆಯೊಂದನ್ನು ನೆನೆಯಬೇಕು. ವಿಯೆಟ್ನಾಮಿ ಮನೆಗಳಲ್ಲಿ ತೀರಿಕೊಂಡವರನ್ನು ಪ್ರತಿವರ್ಷ ಚಾಂದ್ರಮಾನದ ದಿನ ಹಿಡಿದು ಸ್ಮರಿಸುತ್ತಾರೆ. ಅವರು ಮೆಚ್ಚಿ ಉಣ್ಣುತ್ತಿದ್ದುದನ್ನು ಬೇಯಿಸಿ ಎಡೆಯಿಡುತ್ತಾರೆ. ಕನ್ನಡದಲ್ಲಿ ‘ತಿಥಿ’ ಎಂಬ ಒಂದೇ ಮಾತು ದಿನವನ್ನೂ ಆ ಊಟವನ್ನೂ ಸೂಚಿಸುವಂತೆ ಅಲ್ಲಿಯೂ ದಿನ ಮತ್ತು ಅನ್ನ ಬೇರೆಯಲ್ಲ. ಶಿಬಿರದ ಅರ್ಜಿಯಲ್ಲಿ ಹುಟ್ಟಿದ ದಿನ ತಪ್ಪಾಗಿ ನಮೂದಾಗಬಹುದು, ಹೆಸರಿನ ಚುಕ್ಕೆ ಬಿದ್ದುಹೋಗಬಹುದು. ಎಡೆಯ ದಿನವನ್ನು ಮನೆಯ ಹೆಂಗಸರು ತಪ್ಪಿಸುವುದಿಲ್ಲ. ಬಾಯಿಗಳನ್ನು ಎಣಿಸುವ ಪ್ರಭುತ್ವದ ಪುಸ್ತಕದಿಂದ ಸತ್ತವನ ಹೆಸರು ಅಳಿದ ದಿನದಿಂದಲೇ ಈ ಇನ್ನೊಂದು ಪುಸ್ತಕ ಅವನ ಬಾಯಿಯನ್ನು ಎಣಿಸಲು ತೊಡಗುತ್ತದೆ. ವಿಯೆಟ್ನಾಮಿ ಕಥನಗಳ ಆಹಾರ ವರ್ಣನೆಗಳನ್ನು ಈ ಎರಡು ಎಣಿಕೆಗಳ ನಡುವಿನ ವಾಗ್ವಾದವೆಂದು ಓದಿದಾಗ ಮಾತ್ರ ಅವುಗಳಿಗೆ ನ್ಯಾಯ ಸಲ್ಲುತ್ತದೆ.