ಟೋಪಿ ಯಾರ ತಲೆಗೆ?

ಮೋಸವನ್ನು ಹೇಳಲು ಕನ್ನಡದಲ್ಲಿ ಮಾತಿಗೆ ಬರವಿಲ್ಲ. ಮೋಸ, ವಂಚನೆ, ದ್ರೋಹಗಳಿವೆ. ಪಾರ್ಸಿಯಿಂದ ಬಂದ ದಗಾ ಕೂಡ ನಮ್ಮದೇ ಆಗಿಬಿಟ್ಟಿದೆ. ಆದರೆ ದಿನಬಳಕೆಯಲ್ಲಿ ನಾವು ಹೆಚ್ಚಾಗಿ ಆಡುವ ಮಾತುಗಳೇ ಬೇರೆ: ಟೋಪಿ ಹಾಕಿದ, ಪಂಗನಾಮ ಎಳೆದ, ಕಿವಿ ಮೇಲೆ ಹೂವಿಟ್ಟ, ಕಣ್ಣಿಗೆ ಮಣ್ಣೆರಚಿದ.

ಟೋಪಿ ಒಬ್ಬರದು, ನಾಮ ಇನ್ನೊಬ್ಬರದು ಎಂಬ ತಕರಾರು ನಮ್ಮದಲ್ಲ. ಕನ್ನಡಿಗರು ಈ ಎರಡನ್ನೂ ಭೇದವಿಲ್ಲದೆ ಆಡಿಕೊಂಡು ಬಂದಿದ್ದಾರೆ. ನಮ್ಮ ಪ್ರಶ್ನೆ ಬೇರೆ. ತಲೆ, ಹಣೆ, ಕಿವಿ, ಕಣ್ಣು ಎಲ್ಲವೂ ಮೋಸಹೋದವನದೇ ಅಲ್ಲವೇ? ಗುರುತು ಬೀಳುವುದು ಕಳೆದುಕೊಂಡವನ ಮೈಮೇಲೆ. ಹಾಕಿದವನ ಮೈಮೇಲೆ ಒಂದು ಕಲೆಯೂ ಇಲ್ಲ. ಕೇಳಿದವರಿಗೆ ನಗು ಬರುವುದೂ ಅದಕ್ಕೇ.

ಇದಕ್ಕೆ ತಿರುವಾಗಿ ನಿಂತದ್ದು ಕಾನೂನಿನಿಂದ ಬೀದಿಗಿಳಿದ ಒಂದು ಅಂಕಿ. 1860ರ ಭಾರತೀಯ ದಂಡ ಸಂಹಿತೆಯ 420ನೇ ಕಲಂ ವಂಚನೆಗೆ ಶಿಕ್ಷೆ ಹೇಳಿತ್ತು. 'ಅವನೊಬ್ಬ ಫೋರ್ ಟ್ವೆಂಟಿ' ಎಂದಾಗ ಬೆರಳು ನೇರ ವಂಚಕನ ಕಡೆಗೇ ತಿರುಗುತ್ತದೆ. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ವಂಚನೆ 318ನೇ ಕಲಮಿಗೆ ಸರಿದಿದೆ. ಜನರ ಬಾಯಲ್ಲಿ ಮಾತ್ರ 420 ಉಳಿದಿದೆ.

ಸಾಲ ಪಡೆದ ಗೆಳೆಯ ನೂರು ರೂಪಾಯಿ ಮರಳಿಸದಿದ್ದರೆ 'ಟೋಪಿ' ಎಂದು ನಕ್ಕುಬಿಡಬಹುದು. ಆದರೆ 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆಯ ಮಾಲೀಕ ದೇಶ ಬಿಟ್ಟು ಹೋದಾಗ ಸಾವಿರಾರು ಜನ ದೂರು ಕೊಡಲು ಸಾಲುಗಟ್ಟಿದ್ದನ್ನು ನಾವು ಕಂಡಿದ್ದೇವೆ. ಅವರಲ್ಲಿ ಹೆಚ್ಚಿನವರು ಮುಸ್ಲಿಮರು. ಬಡ್ಡಿ ಬೇಡ, ಹಲಾಲ್ ಲಾಭ ಸಾಕು ಎಂದು ನಂಬಿ ಹಣ ಕಟ್ಟಿದವರು. ಅಲ್ಲಿ 'ಹಲಾಲ್' ಎಂಬ ಮಾತೇ ಗಾಳವಾಗಿತ್ತು. ಮಗಳ ಮದುವೆಗೆಂದು ಕೂಡಿಟ್ಟದ್ದು ಹೋದ ಮನೆಯಲ್ಲಿ ಟೋಪಿ ಎಂಬ ಮಾತು ಗಾಯದ ಮೇಲೆ ಉಪ್ಪು.

ಇಂಥ ಸುದ್ದಿಗಳಿಗೆ ಪತ್ರಿಕೆಗಳು 'ಟೋಪಿ', 'ಪಂಗನಾಮ' ಎಂದು ತಲೆಬರಹ ಕೊಡುವುದು ಮಾಮೂಲಿ. ಅದನ್ನು ಓದಿದವನು ಕಳ್ಳನ ಜಾಣತನಕ್ಕೆ ತಲೆದೂಗಿ, ಕಳೆದುಕೊಂಡವನ ದಡ್ಡತನಕ್ಕೆ ನಗುತ್ತಾನೆ. ನಗೆಪಾಟಲಾಗುವ ಭಯಕ್ಕೇ ಎಷ್ಟೋ ಜನ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ಅವರ ಮೌನ ವಂಚಕನಿಗೆ ಮುಂದಿನ ಬಂಡವಾಳ.

ನುಡಿಗಟ್ಟುಗಳನ್ನು ಯಾರೂ ಬಿಡಬೇಕಿಲ್ಲ. ಹರಟೆಗೆ ಅವು ಇರಲಿ. ಆದರೆ ಒಬ್ಬರ ಬಾಳೇ ಮುರಿದುಬಿದ್ದಾಗ ವಂಚನೆಯನ್ನು ವಂಚನೆಯೆಂದೇ ಬರೆಯೋಣ. ನಾಚಿಕೆ ಸೇರಬೇಕಾದದ್ದು ನಂಬಿದವರನ್ನಲ್ಲ, ನಂಬಿಸಿದವರನ್ನು.