ಮೊದಲು ಪ್ಲೇಟು, ಆಮೇಲೆ ವಾಲ್ವು

ಹಳೆಯ ವಾಲ್ವ್ ಪ್ರೀಆಂಪ್ಲಿಫೈಯರ್ ಕೊಳ್ಳಲು ಹೊರಟವರು ಹೆಸರಿನಿಂದ ಶುರು ಮಾಡುತ್ತಾರೆ: ಮರಾಂಟ್ಜ್, ಮ್ಯಾಕಿಂಟಾಷ್, ಕ್ವಾಡ್, ಲೀಕ್. ಆಮೇಲೆ ವಾಲ್ವಿನೊಳಗಿನ ಕೆಂಡದ ಬಣ್ಣಕ್ಕೆ ಮನಸೋಲುತ್ತಾರೆ. ತಮ್ಮಲ್ಲಿರುವ ಪ್ಲೇಟುಗಳು ಯಾವ ಕಾಲದವು ಎಂದು ನೋಡುವುದು ದುಡ್ಡು ಕೊಟ್ಟ ಮೇಲೆ. ಈ ಕ್ರಮವೇ ತಲೆಕೆಳಗು ಎಂಬುದು ನನ್ನ ತಕರಾರು. ನಾಲತವಾಡ, ಮುದ್ದೇಬಿಹಾಳ ಸೀಮೆಯಲ್ಲಿ ಅಟ್ಟದಿಂದ ಒಂದು ಟ್ರಂಕು ಇಳಿಸಿದರೆ ಸಿಗುವುದು ಹೆಚ್ಚಾಗಿ 78ರ ಅರಗಿನ ಪ್ಲೇಟು, ನಡುವೆ ನಾಲ್ಕಾರು ಎಲ್‌ಪಿ. ಅಂಥ ಟ್ರಂಕಿಗೆ ಹೊಂದುವ ಯಂತ್ರ ಬೇರೆ, ಬರೀ ಎಲ್‌ಪಿ ಕೇಳುವ ಮಹಾನಗರದವರ ಯಂತ್ರ ಬೇರೆ.

ಕಾರಣ ಪ್ಲೇಟಿನ ಗೀರಿನಲ್ಲಿದೆ. ಮಂದ್ರದ ಧ್ವನಿಯನ್ನು ಇದ್ದಷ್ಟೇ ಜೋರಾಗಿ ಕೊರೆದರೆ ಒಂದು ಗೀರು ಪಕ್ಕದ ಗೀರಿಗೆ ನುಗ್ಗುತ್ತದೆ. ಆದ್ದರಿಂದ ಕೊರೆಯುವಾಗ ಮಂದ್ರವನ್ನು ತಗ್ಗಿಸುತ್ತಾರೆ. ಎಲ್‌ಪಿಯಲ್ಲಿ ಸರಸರ ಸದ್ದನ್ನು ಗೆಲ್ಲಲು ತಾರದ ಭಾಗವನ್ನು ಎತ್ತುತ್ತಾರೆ. ಕೇಳುವಾಗ ಇದನ್ನೆಲ್ಲ ತಿರುವುಮುರುವು ಮಾಡುವುದೇ ಫೋನೋ ಸ್ಟೇಜಿನ ಕೆಲಸ. ಈ ಏರಿಳಿತದ ಲೆಕ್ಕ ಎಲ್ಲರಿಗೂ ಒಂದೇ ಆದದ್ದು 1954ರಲ್ಲಿ, ಆರ್‌ಐಎಎ ಎಂಬ ಹೆಸರಿನಲ್ಲಿ. ಅದಕ್ಕೂ ಮುಂಚೆ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ.

ಈಗ ಅಮೀರ್‌ಬಾಯಿ ಕರ್ನಾಟಕಿಯನ್ನು ನೆನೆಯೋಣ. ಹುಟ್ಟಿದ್ದು ಬೀಳಗಿಯಲ್ಲಿ, ಅದು ಆಗ ನಮ್ಮ ವಿಜಾಪುರ ಜಿಲ್ಲೆಯದೇ. ಆಕೆಯ ದನಿ ದೇಶದ ತುಂಬ ಹರಡಿದ್ದು 1943ರ ‘ಕಿಸ್ಮತ್’ ಚಿತ್ರದಿಂದ. ಮಲ್ಲಿಕಾರ್ಜುನ ಮನ್ಸೂರರು ಎಚ್‌ಎಂವಿಗೆ ಪ್ಲೇಟು ಕೊಡತೊಡಗಿದ್ದು ಇನ್ನೂ ಹಿಂದೆ, 1930ರ ದಶಕದಲ್ಲಿ. ಎರಡೂ ಆರ್‌ಐಎಎ ಹುಟ್ಟುವ ಮುಂಚಿನವು. ಎಚ್‌ಎಂವಿಯ ಆ ಕಾಲದ ಪ್ಲೇಟುಗಳಲ್ಲಿ ಸಾಮಾನ್ಯವಾಗಿ 250 ಹರ್ಟ್ಸ್‌ನ ಕೆಳಗೆ ಮಾತ್ರ ತಗ್ಗಿಸುತ್ತಿದ್ದರು, ತಾರವನ್ನು ಮುಟ್ಟುತ್ತಿರಲಿಲ್ಲ. ಅವನ್ನು ಆರ್‌ಐಎಎ ಪೆಟ್ಟಿಗೆಯಲ್ಲಿ ಹಾಕಿದರೆ 5,000 ಹರ್ಟ್ಸ್‌ನಲ್ಲಿ ಸುಮಾರು 8 ಡೆಸಿಬಲ್ ಸುಮ್ಮನೆ ಕಳೆದುಹೋಗುತ್ತದೆ, ಮೇಲಾಗಿ ಮಂದ್ರ ಊದಿಕೊಳ್ಳುತ್ತದೆ. ಹಾಡುವವರ ಸಕಾರ, ಶಕಾರ, ತಂಬೂರಿಯ ಜವಾರಿ, ಹಾರ್ಮೋನಿಯಂನ ಅಂಚು ಇರುವುದು ಆ ತಾರದ ಸೀಮೆಯಲ್ಲೇ. ಪ್ಲೇಟಿನ ಸರಸರವೂ ಜೊತೆಗೇ ತಗ್ಗುವುದರಿಂದ ಕೇಳುವವರಿಗೆ ಹಿತ ಅನಿಸುತ್ತದೆ. ‘ವಾಲ್ವಿನ ದನಿ ಎಷ್ಟು ಬೆಚ್ಚಗಿದೆ ನೋಡ್ರಿ’ ಅನ್ನುತ್ತಾರೆ. ವಾಲ್ವು ಅಲ್ಲಿ ಏನೂ ಮಾಡಿಲ್ಲ ಮಾರಾಯರೇ, ಹಾಡುವವರ ಬಾಯಿಗೆ ಸೆರಗು ಮುಚ್ಚಿದ್ದು ತಪ್ಪು ಲೆಕ್ಕ.

ಬೆಚ್ಚನೆಯ ಇನ್ನೊಂದು ಮೂಲವೂ ಅಷ್ಟೇನೂ ಗೌರವದ್ದಲ್ಲ. ಅರವತ್ತು ವರ್ಷ ಕಳೆದ ಪೆಟ್ಟಿಗೆಯಲ್ಲಿ ಕಾಗದದ ಕೆಪ್ಯಾಸಿಟರ್‌ಗಳು ಸೋರುತ್ತವೆ, ಇಂಗಾಲದ ರೆಸಿಸ್ಟರ್‌ಗಳು ಬರೆದ ಬೆಲೆಗಿಂತ ಮೇಲೇರಿರುತ್ತವೆ. ಸೋರಿದ ಡಿಸಿ ವೋಲ್ಟೇಜು ಮುಂದಿನ ವಾಲ್ವಿನ ಗ್ರಿಡ್ಡಿಗೆ ಹೋಗಿ ಅದರ ನಡೆ ಕೆಡುತ್ತದೆ. ದನಿ ದಪ್ಪವಾಗುತ್ತದೆ. ಒಳಗಿರುವುದೆಲ್ಲ ಮೂಲದ್ದೇ ಎಂದು ಹೇಳಿ ಹೆಚ್ಚು ಬೆಲೆ ಕೇಳುವ ಮಾರಾಟಗಾರ ಒಂದರ್ಥದಲ್ಲಿ ಕಾಯಿಲೆಗೂ ಸೇರಿಸಿ ದುಡ್ಡು ಕೇಳುತ್ತಿರುತ್ತಾನೆ.

ನಮ್ಮ ಕಡೆ ಬಹಳ ಜನ ಮೊದಲು ನೋಡುವ ವಾಲ್ವ್ ಯಂತ್ರ ಅಹುಜಾದ ಹಳೆಯ ಮೈಕ್ ಸೆಟ್. ಜಾತ್ರೆ, ನಾಟಕ, ಮದುವೆಗಳಲ್ಲಿ ದುಡಿದು ಮೂಲೆ ಸೇರಿದ್ದು. ಅದರ ಹಿಂದೆ ಗ್ರಾಮಫೋನಿಗೆಂದು ಒಂದು ತೂತು ಇರುವುದೂ ಉಂಟು, ಫೋನೋ ಸ್ಟೇಜು ಸಿಕ್ಕೇ ಬಿಟ್ಟಿತೆಂದು ಹಿಗ್ಗುವವರೂ ಉಂಟು. ಆದರೆ ಅಂಥ ತೂತು ಮಾಡಿದ್ದು ಸ್ಫಟಿಕದ ಪಿಕಪ್ಪಿಗೆ. ಸ್ಫಟಿಕದ್ದು ನೂರಾರು ಮಿಲಿವೋಲ್ಟ್ ಕೊಡುತ್ತದೆ, ಅದರ ಸ್ವಭಾವವೇ ಗೀರಿನ ಏರಿಳಿತವನ್ನು ಹೆಚ್ಚುಕಡಿಮೆ ತಾನೇ ಸರಿಮಾಡಿಕೊಳ್ಳುತ್ತದೆ. ಈಗಿನ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು ಸುಮಾರು 5 ಮಿಲಿವೋಲ್ಟ್. ಅದಕ್ಕೆ 47 ಕಿಲೋಓಮ್‌ನ ಹೊರೆ ಬೇಕು, ನೂರು ಪಟ್ಟು ಹಿಗ್ಗಿಸಬೇಕು, ಮೇಲೆ ಲೆಕ್ಕದ ತಿದ್ದುಪಡಿಯೂ ಬೇಕು. ಮೈಕ್ ಸೆಟ್ಟಿನಲ್ಲಿ ಇವು ಸಿಗುವುದಿಲ್ಲ. ಅದನ್ನು ಅದರ ಪಾಡಿಗೆ ಬಿಡುವುದು ಒಳ್ಳೆಯದು.

ಹಾಗಾದರೆ ಯಾವುದು? 1958ರ ಮರಾಂಟ್ಜ್ 7ರ ಕೀರ್ತಿ ಪೊಳ್ಳಲ್ಲ. ಆರು ಇಸಿಸಿ83 ವಾಲ್ವುಗಳ ಅಚ್ಚುಕಟ್ಟಾದ ಕೆಲಸ ಅದು. ಆದರೆ ಬೆಲೆ ಲಕ್ಷಗಳಲ್ಲಿ. ಅಮೆರಿಕದ ಮನೆಗಳಿಗೆಂದು ಮಾಡಿದ್ದಾದರೆ 117 ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇರೆ ಬೇಕು. ಅಲ್ಲಿಯ 60 ಹರ್ಟ್ಸ್‌ಗೆ ಸುತ್ತಿದ್ದು ಇಲ್ಲಿಯ 50ರಲ್ಲಿ ಇನ್ನಷ್ಟು ಕಾಯುತ್ತದೆ, ವೈಶಾಖದಲ್ಲಿ ನಮ್ಮ ಮಾಳಿಗೆ ಮನೆಗಳೇ ಸಾಕಷ್ಟು ಕಾದಿರುತ್ತವೆ. ಡೈನಾಕೊ ಪಿಎಎಸ್-3 ಸೋವಿ, ಒಳಗೆ ಕೈ ಹಾಕಲು ಸುಲಭ, ಹಾಗೆಂದು ನಮ್ಮ ಟ್ರಂಕಿಗೆ ಅದು ನನ್ನ ಮೊದಲ ಆಯ್ಕೆಯಲ್ಲ.

ನನ್ನ ಒಲವು ಕ್ವಾಡ್ ಕಡೆ. 1959ರ ಕ್ವಾಡ್ 22ರಲ್ಲಿ ಒತ್ತುಗುಂಡಿಗಳಿಂದ ಹಳೆಯ 78ರ ಲೆಕ್ಕಕ್ಕೂ ಹೊಸ ಎಲ್‌ಪಿಯ ಲೆಕ್ಕಕ್ಕೂ ಬದಲಿಸಬಹುದು. ಬ್ರಿಟನ್ನಿನ ಕರೆಂಟೂ ನಮ್ಮದೂ ಹೆಚ್ಚುಕಡಿಮೆ ಒಂದೇ. ಇದರ ಊನವನ್ನೂ ಹೇಳಬೇಕು: ಸ್ವಂತ ಪವರ್ ಸಪ್ಲೈ ಇಲ್ಲ, ಜೋಡಿಯಾದ ಕ್ವಾಡ್ 2 ಆಂಪ್ಲಿಫೈಯರಿನಿಂದಲೇ ಕರೆಂಟು ತಗೊಳ್ಳುತ್ತದೆ. ಒಂಟಿಯಾಗಿ ಕೊಂಡವರು ಬೇರೆ ಸಪ್ಲೈ ಕಟ್ಟಿಸಬೇಕು. ಪಿಕಪ್ಪಿಗೆ ತಕ್ಕಂತೆ ಹಿಂದೆ ಸಿಕ್ಕಿಸುವ ಚಿಕ್ಕ ತುಂಡೊಂದಿದೆ, ಕೊಳ್ಳುವಾಗ ಅದು ಇದೆಯೇ, ನಿಮ್ಮ ಕಾರ್ಟ್ರಿಜ್ಜಿಗೆ ಹೊಂದುತ್ತದೆಯೇ ನೋಡಿ. ಮೊದಲ ಹಂತದ ಇಎಫ್86 ವಾಲ್ವನ್ನು ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಟಣ್ ಎಂದು ಮೊಳಗಿದರೆ ಅದು ಈ ಜಾಗಕ್ಕೆ ಆಗದು. ಜಾಲಹಳ್ಳಿಯ ಬಿಇಎಲ್ 1961ರಿಂದ ರೇಡಿಯೋ ವಾಲ್ವು ಮಾಡುತ್ತಿತ್ತು; ರಿಪೇರಿಯವರ ಡಬ್ಬಿಯಲ್ಲಿ ಇವತ್ತೂ ಕಂಡರೆ ನನಗೆ ಅಭಿಮಾನವೇ. ಆದರೂ 5 ಮಿಲಿವೋಲ್ಟಿನ ಹಂತದಲ್ಲಿ ಅಭಿಮಾನ ಕೆಲಸಕ್ಕೆ ಬರುವುದಿಲ್ಲ, ಸದ್ದಿಲ್ಲದ ವಾಲ್ವೇ ಬೇಕು.

ವರ್ಷಗಟ್ಟಲೆ ಮಲಗಿದ್ದ ಪೆಟ್ಟಿಗೆಯನ್ನು ನೇರ ಪ್ಲಗ್ಗಿಗೆ ಹಾಕಬೇಡಿ. ರಿಪೇರಿಯವರ ಸೀರೀಸ್ ಬಲ್ಬಿನ ಬೋರ್ಡಿನ ಮೂಲಕ ಹಚ್ಚಿಸಿ. ಬಲ್ಬು ಪೂರ್ತಿ ಉರಿದೇ ನಿಂತರೆ ಒಳಗೆ ಎಲ್ಲೋ ಶಾರ್ಟ್ ಆಗಿದೆ. ಆರಿಸಿದ ಮೇಲೂ ಕೆಪ್ಯಾಸಿಟರ್‌ಗಳಲ್ಲಿ ಜೀವಕ್ಕೆ ಎರವಾಗುವಷ್ಟು ವೋಲ್ಟೇಜು ಉಳಿದಿರಬಹುದು, ಆದ್ದರಿಂದ ಒಳಗಿನ ಕೆಲಸ ಬಲ್ಲವರಿಗೇ ಇರಲಿ. ಸೋರುವ ಕೆಪ್ಯಾಸಿಟರ್‌ಗಳ ಬದಲಾವಣೆಯ ಖರ್ಚನ್ನು ಬೆಲೆಯೊಳಗೇ ಹಿಡಿದು ಚೌಕಾಸಿ ಮಾಡಿ.

ಟ್ರಂಕಿನಲ್ಲಿರುವುದು ಬಹುಪಾಲು 78ರದ್ದೇ ಆದರೆ ಸ್ಟೀರಿಯೋ ಕೂಡ ಬೇಕಿಲ್ಲ. ಆ ಪ್ಲೇಟುಗಳು ಒಂದೇ ಚಾನೆಲ್ಲಿನವು. ಸ್ಟೀರಿಯೋ ಕಾರ್ಟ್ರಿಜ್ಜಿನ ಎರಡು ಚಾನೆಲ್ಲುಗಳನ್ನು ಕೂಡಿಸಿದರೆ ಮುಳ್ಳಿನ ಮೇಲೆಕೆಳಗಿನ ಕುಣಿತದಿಂದ ಬರುವ ಸದ್ದು ತಾನೇ ಕಳೆಯುತ್ತದೆ. ಮುಳ್ಳು ಮಾತ್ರ 78ರ ಅಗಲದ್ದೇ ಬೇಕು, ಸುಮಾರು 75 ಮೈಕ್ರಾನ್. ಎಲ್‌ಪಿಯ ಸಣ್ಣ ಮುಳ್ಳು ಗೀರಿನ ತಳದ ಧೂಳಲ್ಲಿ ಉರುಳಾಡುತ್ತದೆ. ಇಂಥ ಸಂಗ್ರಹಕ್ಕೆ ಕ್ವಾಡ್ 22ರ ಅಣ್ಣ, 1953ರ ಒಂಟಿ ಚಾನೆಲ್ಲಿನ ಕ್ಯೂಸಿ 2, ಸಾಕೇ ಸಾಕು. ಸ್ಟೀರಿಯೋ ಬೆನ್ನು ಹತ್ತಿದವರು ಅದನ್ನು ಕಡೆಗಣಿಸುವುದರಿಂದ ಸಾಮಾನ್ಯವಾಗಿ ಅಗ್ಗಕ್ಕೂ ಸಿಗುತ್ತದೆ.